ಮಲ್ಲಯ್ಯನ ದಾರಿಯೂ ಒಂದು ಪಾಠ

ಯುಗಾದಿ ಹತ್ತಿರ ಬಂತೆಂದರೆ ಮಂತ್ರಾಲಯ, ಎಮ್ಮಿಗನೂರು ರಸ್ತೆಯಲ್ಲಿ ಕನ್ನಡವೇ ಕನ್ನಡ! ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಭಕ್ತರು ತುಂಗಭದ್ರೆ ದಾಟಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ, ಅರಿಶಿನ-ಕುಂಕುಮ ಹೊತ್ತೇ ಹೊರಡುತ್ತಾರೆ. ನಲ್ಲಮಲ ಕಾಡಿನ ಚೆಂಚರಿಗೂ ಮಲ್ಲಯ್ಯ ಅಳಿಯನೇ!

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡುದಾರಿ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ. ಚೆರುವು ಎಂದರೆ ಕೆರೆ, ಕೊಲನು ಎಂದರೆ ಕೊಳ. ತೆಲುಗು ಬಲ್ಲ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ನೀರಿದ್ದಲ್ಲಿ ದಾರಿ, ದಾರಿಯಿದ್ದಲ್ಲಿ ದೇವರು. ಮಂತ್ರಾಲಯದಲ್ಲೂ ಅಷ್ಟೇ ಅಲ್ಲವೇ? ಮೊದಲು ಹೊಳೆಯಲ್ಲಿ ಸ್ನಾನ, ಆಮೇಲೆ ಮಂಚಾಲಮ್ಮ, ನಂತರ ರಾಯರು.

ಜಪಾನಿನ ಕಿಯಿ ಬೆಟ್ಟಗಳಲ್ಲಿ ಕುಮಾನೊ ಕೊಡೊ ಎಂಬ ಹಳೆಯ ಯಾತ್ರೆಯ ದಾರಿ ಇದೆ. ಅಲ್ಲಿ 133 ಮೀಟರ್ ಎತ್ತರದ ನಾಚಿ ಜಲಪಾತವನ್ನೇ ದೇವರೆಂದು ಪೂಜಿಸುತ್ತಾರೆ. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗುಡಿಗಳನ್ನಷ್ಟೇ ಅಲ್ಲ, ನಡೆಯುವ ದಾರಿಯನ್ನೂ ಸೇರಿಸಿತು.

ನಾವೇನು ಮಾಡುತ್ತಿದ್ದೇವೆ? ಗುಡಿಯ ಹೊರಗೆ ಚಪ್ಪಲಿ ಬಿಡುತ್ತೇವೆ, ಕಾಡಿನ ಒಳಗೆ ನೀರಿನ ಬಾಟಲಿ ಬಿಡುತ್ತೇವೆ. ಅದು ಹುಲಿ ಸಂರಕ್ಷಿತ ಕಾಡು. ದಾರಿಯೂ ಗುಡಿಯೇ ಎಂದು ನಂಬಿದರೆ ಹೀಗೆ ಮಾಡುತ್ತೇವೆಯೇ?

ಇನ್ನೊಂದು ಮಾತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು ಆಂಧ್ರಕ್ಕೆ ಉಳಿದವು. ಅಂದಿನಿಂದ ಇಲ್ಲಿನ ಎಷ್ಟೋ ಮಕ್ಕಳಿಗೆ ಕನ್ನಡವೆಂದರೆ ಮನೆಯ ಮಾತು, ಶಾಲೆಯ ಪುಸ್ತಕ, ಅಷ್ಟೇ. ವರ್ಷಕ್ಕೊಮ್ಮೆ ಆ ಭಾಷೆ ತಾನಾಗಿಯೇ ನಮ್ಮ ಬೀದಿಗೆ ನಡೆದು ಬರುತ್ತದೆ. ಆಗ ನಾವು ಪರೀಕ್ಷೆ ಹತ್ತಿರ ಬಂತೆಂದು ತರಗತಿಯ ಬಾಗಿಲು ಹಾಕಿ ಕೂರುತ್ತೇವೆ!

ಹತ್ತನೆಯವರು ಓದಿಕೊಳ್ಳಲಿ. ಚಿಕ್ಕ ತರಗತಿಯವರನ್ನು ಒಂದು ಸಂಜೆ ಅರವಟ್ಟಿಗೆಯ ಬಳಿ ಕರೆದುಕೊಂಡು ಹೋಗೋಣ. ಕೊಡದಲ್ಲಿ ನೀರು, ಸ್ಟೀಲ್ ಲೋಟ. ಪ್ಲಾಸ್ಟಿಕ್ ಬೇಡ. ಯಾವ ಊರು, ಎಷ್ಟು ದಿನದ ನಡಿಗೆ, ದಾರಿಯಲ್ಲಿ ಏನು ಹಾಡುತ್ತೀರಿ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಬಾಗಲಕೋಟೆಯ ಅಜ್ಜಿಯ ಕನ್ನಡ, ಆದವಾನಿ ಹುಡುಗನ ಕನ್ನಡ ಒಂದಕ್ಕೊಂದು ಸಿಗಲಿ.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ನಮ್ಮ ಮನಸ್ಸು ಸಾಕು. ಏನಂತೀರಿ?