ವಂಶವಾಹಿಯೂ ಹಣೆಬರಹವೂ

ಕಾರಣ ತಿಳಿಯದ ದುಃಖವನ್ನೆಲ್ಲ ಹಣೆಬರಹದ ಮೇಲೆ ಹೊರಿಸುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಇಂದಿನ ವಿದ್ಯಾವಂತರು ಆ ಮಾತನ್ನು ಬಿಟ್ಟಿದ್ದಾರೆ; ಅದರ ಪೀಠದ ಮೇಲೆ ವಂಶವಾಹಿ ಎಂಬ ಮಾತನ್ನು ಕೂರಿಸಿದ್ದಾರೆ. ಪದ ಬದಲಾಯಿತು, ನಿಜ, ಮನೋಧರ್ಮ ಬದಲಾಯಿತೇ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ತನ ಕ್ಯಾನ್ಸರನ್ನು ಕುರಿತು ನಡೆಯುತ್ತಿರುವ ಚರ್ಚೆಯನ್ನು ಗಮನಿಸಿದಾಗ ನನಗೆ ಈ ಸಂದೇಹ ಹುಟ್ಟುತ್ತದೆ. ನಾನು ವೈದ್ಯನಲ್ಲ, ಕನ್ನಡದ ಅಧ್ಯಾಪಕ. ಆದರೆ ಪದಗಳ ಅರ್ಥವನ್ನು ಬಿಡಿಸಿ ನೋಡುವುದು ನನ್ನ ವೃತ್ತಿ. ಈ ಚರ್ಚೆಯಲ್ಲಿ ಪದಗಳ ಪಾತ್ರ ಸಣ್ಣದಲ್ಲ.

ವಸ್ತುಸ್ಥಿತಿ ಹೀಗಿದೆ. ಆ ದೇಶದ ಕಪ್ಪು ಸ್ತ್ರೀಯರಲ್ಲಿ ಈ ರೋಗ ಕಾಣಿಸಿಕೊಳ್ಳುವ ಪ್ರಮಾಣ ಬಿಳಿಯ ಸ್ತ್ರೀಯರಿಗಿಂತ ತುಸು ಕಡಮೆ. ಆದರೆ ಅದರಿಂದ ಸಾಯುವ ಪ್ರಮಾಣ ಸುಮಾರು ಶೇಕಡ 40ರಷ್ಟು ಹೆಚ್ಚು ಎಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2022ರಲ್ಲಿ ವರದಿ ಮಾಡಿತು. ಕಡಮೆ ಜನರನ್ನು ಹಿಡಿಯುವ ರೋಗ ಹೆಚ್ಚು ಜನರನ್ನು ಕೊಲ್ಲುವುದೇಕೆ?

ವಂಶದಿಂದ ಬಂದ ಕಾರಣ ಇಲ್ಲವೆಂದಲ್ಲ. ಹಾರ್ಮೋನಿನ ಗ್ರಾಹಕಗಳೂ ‘ಹರ್2’ ಎಂಬ ಪ್ರೋಟೀನಿನ ಆಧಿಕ್ಯವೂ ಇಲ್ಲದ, ಆದುದರಿಂದಲೇ ಅವುಗಳನ್ನು ಗುರಿಯಿಟ್ಟ ಔಷಧಗಳಿಗೆ ಬಗ್ಗದ ‘ಟ್ರಿಪಲ್ ನೆಗೆಟಿವ್’ ಎಂಬ ಉಗ್ರವಾದ ಬಗೆಯೊಂದಿದೆ. ಇದು ಕಪ್ಪು ಸ್ತ್ರೀಯರಲ್ಲಿ ಸುಮಾರು ಇಮ್ಮಡಿ. ಪಶ್ಚಿಮ ಆಫ್ರಿಕದ ಘಾನಾದ ರೋಗಿಗಳಲ್ಲಿ ಇದು ಬಹಳ. ಪೂರ್ವದ ಇಥಿಯೋಪಿಯದಲ್ಲಿ ಎಷ್ಟೋ ಕಡಮೆ. ಗುಲಾಮರ ಹಡಗುಗಳು ಅಮೆರಿಕಕ್ಕೆ ಜನರನ್ನು ಸಾಗಿಸಿದ್ದು ಬಹುಮಟ್ಟಿಗೆ ಆಫ್ರಿಕದ ಪಶ್ಚಿಮ ಕರಾವಳಿಯಿಂದ ಎಂಬುದನ್ನು ನೆನೆದರೆ ಸಂಬಂಧ ಹೊಳೆಯುತ್ತದೆ.

ಆದರೆ ಘಾನಾದವಳೂ ಇಥಿಯೋಪಿಯದವಳೂ ಅಮೆರಿಕದ ಆಸ್ಪತ್ರೆಯ ಕಾಗದದಲ್ಲಿ ಒಂದೇ ‘ಜನಾಂಗ’. ಅತ್ತ, ಬಿಳಿಯರೆಂದೇ ಸಾಮಾನ್ಯವಾಗಿ ಎಣಿಸಲ್ಪಡುವ ಅಶ್ಕೆನಾಜಿ ಯೆಹೂದ್ಯರಲ್ಲಿ ಸುಮಾರು 40 ಮಂದಿಗೆ ಒಬ್ಬರು, ಈ ರೋಗದ ಅಪಾಯವನ್ನು ಬಹಳ ಹೆಚ್ಚಿಸುವ ಬಿ.ಆರ್.ಸಿ.ಎ. ವಂಶವಾಹಿಗಳ ದೋಷವನ್ನು ಹೊತ್ತಿರುತ್ತಾರೆ. ಜನಾಂಗವೆಂಬುದು ಸಮಾಜ ಅಂಟಿಸಿದ ಚೀಟಿ. ವಂಶವೆಂಬುದು ತಲೆಮಾರುಗಳಿಂದ ಹರಿದುಬಂದ ಚರಿತ್ರೆ. ಎರಡನ್ನೂ ಒಂದೆಂದು ಬಗೆದರೆ ಶಾಸ್ತ್ರವೂ ಕೆಡುತ್ತದೆ, ನ್ಯಾಯವೂ ಕೆಡುತ್ತದೆ.

ಶಿಕಾಗೋ ನಗರದ ನಿದರ್ಶನವನ್ನು ವಾಚಕರು ಗಮನಿಸಬೇಕು. 1980ರಲ್ಲಿ ಅಲ್ಲಿನ ಕಪ್ಪು ಮತ್ತು ಬಿಳಿಯ ಸ್ತ್ರೀಯರು ಈ ರೋಗದಿಂದ ಸಾಯುವ ಪ್ರಮಾಣ ಹೆಚ್ಚುಕಡಮೆ ಒಂದೇ ಇತ್ತು. 2003ರ ಹೊತ್ತಿಗೆ ಕಪ್ಪು ಸ್ತ್ರೀಯರದು ಶೇಕಡ 68ರಷ್ಟು ಹೆಚ್ಚಾಗಿತ್ತು. 23 ವರ್ಷಗಳಲ್ಲಿ ಒಂದು ಜನದ ವಂಶವಾಹಿ ಬದಲಾಗದು. ಈ ನಡುವೆ ಬದಲಾದದ್ದು ವೈದ್ಯ: ಮ್ಯಾಮೊಗ್ರಫಿ ಪರೀಕ್ಷೆ ಹರಡಿತು, ಟಮಾಕ್ಸಿಫೆನ್‌ನಂಥ ಔಷಧಗಳು ಬಳಕೆಗೆ ಬಂದವು. ಬಿಳಿಯರ ಸಾವು ಇಳಿಯಿತು. ಕಪ್ಪು ಸ್ತ್ರೀಯರದು ಇದ್ದಲ್ಲಿಯೇ ಇತ್ತು.

ಟಮಾಕ್ಸಿಫೆನ್ ಫಲಿಸುವುದು ಹಾರ್ಮೋನಿಗೆ ಸ್ಪಂದಿಸುವ ಬಗೆಗೆ ಮಾತ್ರ. ಆದುದರಿಂದ ಇಲ್ಲಿಯೂ ವಂಶವೇ ಕಾರಣವೆಂದು ಕೆಲವರು ವಾದಿಸಬಹುದು. ಅದಕ್ಕೆ 2024ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿದ ವಿಶ್ಲೇಷಣೆಯೊಂದು ಉತ್ತರವಾಗಿದೆ. ಬಿಳಿಯ ರೋಗಿಗಳಿಗೆ ಹೋಲಿಸಿದರೆ ಕಪ್ಪು ರೋಗಿಗಳ ಸಾವಿನ ಅಪಾಯ ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಶೇಕಡ 17ರಷ್ಟು ಹೆಚ್ಚು. ಹರ್2 ಇಲ್ಲದ, ಹಾರ್ಮೋನಿಗೆ ಸ್ಪಂದಿಸುವ ಬಗೆಯಲ್ಲಿ ಶೇಕಡ 50ರಷ್ಟು ಹೆಚ್ಚು. ಮದ್ದು ವಿರಳವಾದ ಕಡೆ ಅಂತರ ಕಿರಿದು. ಒಳ್ಳೆಯ ಮದ್ದಿರುವ ಕಡೆಯೇ ಹಿರಿದು! ಮದ್ದು ಇದ್ದರಾಯಿತೇ? ಅದು ಸಕಾಲದಲ್ಲಿ ಕೈಗೆ ಸಿಗಬೇಕು, ವರ್ಷಗಟ್ಟಲೆ ತಪ್ಪದೆ ಸಿಗುತ್ತಿರಬೇಕು.

ಹಾಗೆಂದು ವಂಶವಾಹಿಯ ಅಧ್ಯಯನ ಬೇಡವೆನ್ನುವುದು ಅವಿವೇಕ. ಕೊರತೆಯಿರುವುದು ಆ ಅಧ್ಯಯನದ ವ್ಯಾಪ್ತಿಯಲ್ಲಿ. ರೋಗಗಳಿಗೂ ವಂಶವಾಹಿಗಳಿಗೂ ಇರುವ ನಂಟನ್ನು ಹುಡುಕುವ ಜಗತ್ತಿನ ವ್ಯಾಪಕ ಅಧ್ಯಯನಗಳಿಗೆ ಒಳಗಾದವರಲ್ಲಿ 2019ರ ಲೆಕ್ಕದಂತೆ ಶೇಕಡ 78 ಮಂದಿ ಯುರೋಪು ಮೂಲದವರು; ಆಫ್ರಿಕ ಮೂಲದವರು ಶೇಕಡ 2; ನಾವೂ ಸೇರಿದಂತೆ ಇಡೀ ಏಷ್ಯಕ್ಕೆ ಶೇಕಡ 10. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಒಂದು ಲಕ್ಷಕ್ಕೂ ಮಿಕ್ಕ ಕಪ್ಪು ಸ್ತ್ರೀಯರನ್ನು ಕುರಿತ ದೀರ್ಘ ಅಧ್ಯಯನವನ್ನು 2024ರಲ್ಲಿ ಆರಂಭಿಸಿದುದು ಆಶಾದಾಯಕ. ಅದರಲ್ಲಿ ಬದುಕಿನ ಪರಿಸರಕ್ಕೂ ಸ್ಥಾನ ನೀಡಲಾಗಿತ್ತು.

ಯಾವ ಸ್ತ್ರೀಗೆ ಯಾವ ಪರೀಕ್ಷೆ ಬೇಗ ಬೇಕು, ಯಾವ ಔಷಧ ಹೊಂದುತ್ತದೆ ಎಂಬುದನ್ನು ವಂಶವಾಹಿ ತಿಳಿಸಬಲ್ಲುದು. ಅಷ್ಟಕ್ಕೆ ಅದನ್ನು ಆದರದಿಂದ ಕೇಳೋಣ. ಆಸ್ಪತ್ರೆಯ ಬಾಗಿಲು ಅವಳಿಗೆ ತೆರೆಯದೆ ಹೋದುದಕ್ಕೆ ಮಾತ್ರ ಅದನ್ನು ಸಾಕ್ಷಿಗೆ ಕರೆಯಬಾರದು.