ದೂರದೇಶದ ದುಡಿಮೆ ಮತ್ತು ಮನಸ್ಸಿನ ಓದು

ಮನಶ್ಶಾಸ್ತ್ರ ಓದಿದರೆ ಬಾಳು ಬದಲಾಗುತ್ತದೆಯೇ? ಯಾರ ಮನಸ್ಸನ್ನು ತಿಳಿಯಲು ಓದುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಹೆಂಡತಿಯ ಮನಸ್ಸು, ಮೇಲಧಿಕಾರಿಯ ಮನಸ್ಸು, ಮಾತು ಕೇಳದ ಮಗನ ಮನಸ್ಸು ಎಂದು ಹೊರಟವರಿಗೆ ಒಂದಷ್ಟು ಹೊಸ ಪದಗಳು ಸಿಗುತ್ತವೆ. ಆಮೇಲೆ ಮನೆಯ ಜಗಳದಲ್ಲಿ ‘ನಿನ್ನದು ಈಗೋ’, ‘ನಿನಗೆ ಡಿಪ್ರೆಶನ್’ ಎಂದು ಆ ಪದಗಳನ್ನೇ ಎತ್ತಿ ಆಡುತ್ತಾರೆ. ತಮ್ಮ ನಡೆಯನ್ನು ತಾವೇ ಗಮನಿಸಿಕೊಳ್ಳಲು ಓದುವವರ ಮನೆಯಲ್ಲಿ, ಕೆಲಸದ ಜಾಗದಲ್ಲಿ ಮಾತ್ರ ಏನೋ ನಿಜವಾಗಿ ಬದಲಾಗುವುದನ್ನು ಕಾಣಬಹುದು.

ಮನೆ ಬಿಟ್ಟು ದುಡಿಯಲು ಬಂದವರು ಸೇರುವ, ಕತಾರಿನ ದೋಹಾದ ಮುಶೈರಿಬ್‌ನಂಥ ಜಾಗದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 2019ರಲ್ಲಿ ಶುರುವಾದ ಮೆಟ್ರೋದ ಕೆಂಪು, ಹಸಿರು, ಚಿನ್ನದ ಬಣ್ಣದ ಮೂರೂ ಮಾರ್ಗಗಳು ಕೂಡುವುದು ಇಲ್ಲೇ. ಮಂಗಳೂರಿನ ಎಂಜಿನಿಯರ್, ಉಡುಪಿಯ ಅಕೌಂಟೆಂಟ್, ಭಟ್ಕಳದ ಅಂಗಡಿ ನೌಕರ ಇಲ್ಲೇ ರೈಲು ಬದಲಿಸುತ್ತಾರೆ. ಈಗಿನ ಹೊಳೆಯುವ ಕಟ್ಟಡಗಳು ಏಳುವ ಮೊದಲು ಈ ಓಣಿಗಳಲ್ಲಿ ಹೊರದೇಶದ ದುಡಿಮೆಗಾರರು ತುಂಬಿದ್ದರು. ಉಳಿಸಿಕೊಂಡ ನಾಲ್ಕು ಹಳೆಯ ಮನೆಗಳು 2015ರಲ್ಲಿ ವಸ್ತುಸಂಗ್ರಹಾಲಯಗಳಾದವು. ಬಿನ್ ಜೆಲ್ಮೂದ್ ಮನೆ ಗುಲಾಮಗಿರಿಯ ಇತಿಹಾಸ ಹೇಳಿದರೆ, ಕಂಪನಿ ಹೌಸ್ ತೈಲ ಉದ್ಯಮದ ಮೊದಲ ಕೆಲಸಗಾರರ ಬದುಕನ್ನು ತೋರಿಸುತ್ತದೆ. ಮನೆಯವರನ್ನು ಬಿಟ್ಟು ದುಖಾನ್‌ನ ತೈಲಬಾವಿಗಳಿಗೆ ಹೋಗುತ್ತಿದ್ದ ಕತಾರಿಗಳವು ಆ ಕತೆಗಳು. ಮನೆಗಾಗಿಯೇ ಮನೆಯಿಂದ ದೂರವಿರುವ ಸಂಕಟ ಇಲ್ಲಿ ನಮ್ಮವರಿಗಿಂತ ಮೊದಲೇ ಬಂದಿತ್ತು.

ಆ ಸಂಕಟಕ್ಕೆ ಒಂದು ಹೆಸರು ಕೊಟ್ಟವರು ಅಮೆರಿಕದ ಪಾಲೀನ್ ಬಾಸ್. ವಿಯೆಟ್ನಾಂ ಯುದ್ಧದಲ್ಲಿ ಕಣ್ಮರೆಯಾದ ಪೈಲಟ್‌ಗಳ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅವರು, ಸತ್ತನೆಂದು ಅಳಲೂ ಆಗದ, ಇದ್ದಾನೆಂದು ನೆಮ್ಮದಿಯಿಂದಿರಲೂ ಆಗದ ಸ್ಥಿತಿಯನ್ನು ‘ಅಸ್ಪಷ್ಟ ನಷ್ಟ’ ಎಂದರು. ಗಲ್ಫ್ ಕುಟುಂಬದ ಸ್ಥಿತಿ ಅಷ್ಟು ಘೋರವಲ್ಲ, ಆದರೂ ಅದೇ ಜಾತಿಯದು. ಗಂಡ ದಿನವೂ ಫೋನಿನಲ್ಲಿದ್ದಾನೆ, ಊಟದ ಎಲೆಯ ಮುಂದೆ ಇಲ್ಲ. ಅವನಿಲ್ಲದೆ ನಡೆಯಲು ಮನೆ ಕಲಿತುಬಿಟ್ಟಿದೆ. ರಜೆಯಲ್ಲಿ ಊರಿಗೆ ಬಂದವನು ಮೂರನೇ ದಿನಕ್ಕೇ ‘ಇದೇಕೆ ಹೀಗೆ, ಅದೇಕೆ ಹಾಗೆ’ ಎಂದು ಶುರು ಮಾಡುತ್ತಾನೆ. ಇಷ್ಟು ವರ್ಷ ಎಲ್ಲವನ್ನೂ ಒಬ್ಬಳೇ ಹೊತ್ತವಳಿಗೆ ಆ ಮಾತು ಚುಚ್ಚುತ್ತದೆ. ಇಬ್ಬರೂ ಕೆಟ್ಟವರಲ್ಲ, ಜಗಳ ಹುಟ್ಟಿದ್ದು ದೂರದಿಂದ. ಅದನ್ನು ಅರಿತ ಗಂಡ ಮೊದಲ ವಾರ ಮನೆಯ ಲಯವನ್ನು ಸುಮ್ಮನೆ ನೋಡುತ್ತಾನೆ. ಅದಕ್ಕಿಂತ ದೊಡ್ಡ ಬದಲಾವಣೆಯನ್ನು ನಾನು ಈ ಓದಿನಿಂದ ನಿರೀಕ್ಷಿಸುವುದಿಲ್ಲ.

ದೋಹಾದಲ್ಲಿ ಕೆಲಸ ಮುಗಿಸಿ ಏಳಕ್ಕೆ ಫೋನ್ ಮಾಡಿದರೆ ಊರಿನಲ್ಲಿ ಒಂಬತ್ತೂವರೆ. ಮಗನಿಗೆ ನಿದ್ದೆಯ ಮಂಪರು.

“ಟೆಸ್ಟ್‌ನಲ್ಲಿ ಎಷ್ಟು ಬಂತು?”

“ಹದಿನೆಂಟು, ಅಪ್ಪಾ.”

“ಇನ್ನೆರಡು ಎಲ್ಲಿ ಹೋಯ್ತು?”

ಅಲ್ಲಿಗೆ ಫೋನ್ ಅಮ್ಮನ ಕೈಗೆ. ಕೇಳುವುದೂ ಕಲಿತು ಮಾಡಬೇಕಾದ ಕೆಲಸ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬೋಧಿಸಿದ್ದನ್ನು ಈ ಅಪ್ಪ ಓದಿದ್ದರೆ, ‘ಇವತ್ತು ಯಾರ ಜೊತೆ ಆಡಿದೆ?’ ಎಂದು ಕೇಳಿ ಸ್ವಲ್ಪ ಕಾಯುತ್ತಿದ್ದ. ವರ್ಷದ ಹನ್ನೊಂದು ತಿಂಗಳು ಆ ಮಗುವಿನ ಪಾಲಿಗೆ ಅಪ್ಪ ಎಂದರೆ ಫೋನಿನ ಆ ಹತ್ತು ನಿಮಿಷವೇ.

ಕೆಲಸದ ಕಡೆಯೂ ಹೀಗೆಯೇ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಲೆಕ್ಕ ಹಾಕಿದರು. ಒಳ್ಳೆಯ ತಂಡಗಳಲ್ಲಿ ಕಡಿಮೆ ತಪ್ಪು ಸಿಗಬೇಕಿತ್ತು. ಆದರೆ ಅಲ್ಲೇ ಹೆಚ್ಚು ವರದಿಯಾಗಿದ್ದವು. ಆ ದಾದಿಯರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಅಂಜದೆ ಹೇಳಿಕೊಳ್ಳುತ್ತಿದ್ದರು. ಗಲ್ಫಿನ ಕಟ್ಟಡ ಸೈಟುಗಳಲ್ಲಿ ಸೂಪರ್‌ವೈಸರ್, ಸೇಫ್ಟಿ ಆಫೀಸರ್ ಆಗಿರುವ ಕನ್ನಡಿಗರಿಗೆ ಇದು ನೇರವಾಗಿ ದಕ್ಕುವ ಪಾಠ. ಕೆಲಸಕ್ಕೆ ಮುಂಚೆ ಸುರಕ್ಷತೆಯ ಬಗ್ಗೆ ಮಾತಾಡುವ ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್‌ನಲ್ಲಿ ‘ಯಾರು ಮಾಡಿದ್ದು?’ ಎಂದು ಗದರಿದರೆ ಸಡಿಲಾದ ಕ್ಲ್ಯಾಂಪಿನ ಸುದ್ದಿ ಮೇಲೆ ಬರುವುದೇ ಇಲ್ಲ. ‘ಏನಾಯ್ತು, ಹೇಳು’ ಎಂದರೆ ಬರುತ್ತದೆ. ಎತ್ತರದ ಅಟ್ಟಣಿಗೆಯ ಮೇಲೆ ಆ ಒಂದು ಸುದ್ದಿ ಜೀವ ಉಳಿಸಬಲ್ಲದು.

ಆದರೆ ‘ವ್ಯಕ್ತಿತ್ವ ವಿಕಸನ’ದ ಹೆಸರಿನಲ್ಲಿ ಮಾರಾಟವಾಗುವ ಒಂದು ಸುಳ್ಳನ್ನು ನಾನು ಒಪ್ಪಲಾರೆ. ನಿನ್ನ ಯೋಚನೆ ಬದಲಿಸಿಕೋ, ಎಲ್ಲ ಸರಿಹೋಗುತ್ತದೆ ಎಂಬುದು ಆ ಸುಳ್ಳು. ಏಜೆಂಟನಿಗೆ ಕೊಡಲು ಸಾಲ ಮಾಡಿ ವಿಮಾನ ಹತ್ತಿದವನ ನಿದ್ದೆಗೇಡಿಗೆ ಕಾರಣ ಅವನ ತಲೆಯೊಳಗಿಲ್ಲ, ಬಡ್ಡಿಯ ಲೆಕ್ಕದಲ್ಲಿದೆ. ಕತಾರಿನಲ್ಲಿ 2021ರ ಮಾರ್ಚ್‌ನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ಮೂಲವೇತನ ಬಂದದ್ದು ಕಾನೂನಿನಿಂದ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಯಲಿನ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವೂ ಹಾಗೆಯೇ ಬಂತು. ಬಿಸಿಲು ತಲೆಗೇರಿದವನಿಗೆ ಬೇಕಾದ್ದು ನೆರಳು. ನಮ್ಮ ಕಷ್ಟದಲ್ಲಿ ಮನಸ್ಸಿನ ಪಾಲೆಷ್ಟು, ವ್ಯವಸ್ಥೆಯ ಪಾಲೆಷ್ಟು ಎಂದು ಬೇರ್ಪಡಿಸಲು ಕಲಿಸದ ಮನಶ್ಶಾಸ್ತ್ರ ಅರ್ಧ ಓದು.

ಈ ಓದಿಗೆ ಇಂಗ್ಲಿಷ್ ಬೇಕೇಬೇಕೆಂದೇನೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯವರಿಗೂ ಅರ್ಥವಾಗುವಂತೆ ಮನಸ್ಸಿನ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದರು. ದೋಹಾದ ಕನ್ನಡಿಗರು ರಾಜ್ಯೋತ್ಸವ ಮಾಡುತ್ತಾರೆ, ಕ್ರಿಕೆಟ್ ಪಂದ್ಯ ನಡೆಸುತ್ತಾರೆ. ಶುಕ್ರವಾರದ ರಜೆಯಲ್ಲಿ ಇಂಥ ಪುಸ್ತಕಗಳನ್ನು ಕೂಡಿ ಓದುವ ಒಂದು ಗಂಟೆಯನ್ನೂ ಇಟ್ಟುಕೊಳ್ಳಬೇಕು. ಅಲ್ಲಿ ಎಂಜಿನಿಯರನಷ್ಟೇ ಡ್ರೈವರನಿಗೂ ಕುರ್ಚಿ ಇರಬೇಕು. ಅದೇ ಪುಸ್ತಕದ ಇನ್ನೊಂದು ಪ್ರತಿ ಊರಿನ ಮನೆಗೂ ಹೋಗಬೇಕು. ಗಂಡನೊಬ್ಬನೇ ಓದಿದರೆ ಆ ತಿಳಿವು ಹೆಂಡತಿಯ ಮೇಲಿನ ಇನ್ನೊಂದು ಯಜಮಾನಿಕೆಯಾಗುತ್ತದೆ. ಅವಳೂ ಓದಿದ್ದರೆ, ಅವನು ತಪ್ಪಿದಲ್ಲಿ ಅದೇ ಪುಟ ತೋರಿಸಿ ಕೇಳಬಲ್ಲಳು.