ಅಂಗಳದ ಮರವೂ ಅನರ್ಥದಂಡವೂ

ಅಷ್ಟಮಿ-ಚತುರ್ದಶಿಗಳಂದು ಹಸಿರು ಕಾಯಿಪಲ್ಲೆಯನ್ನು ಮುಟ್ಟದ ಮನೆಗಳು ನಮ್ಮ ಸಮಾಜದಲ್ಲಿ ಇಂದಿಗೂ ಕಡಿಮೆಯಿಲ್ಲ. ಗಡ್ಡೆಗೆಣಸನ್ನು ವರ್ಜಿಸಿ, ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಶ್ರಾವಕರಿಗೆ ವನಸ್ಪತಿಕಾಯಿಕ ಜೀವವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯ ಅಂಗಳದಲ್ಲಿ ನಲವತ್ತು ವರ್ಷದ ಬೇವು ಒಂದು ಬೆಳಗಿನೊಳಗೆ ನೆಲಕ್ಕುರುಳುವಾಗ ಆ ಜೀವವಿಚಾರವೆಲ್ಲ ಅಡುಗೆಮನೆಯ ಹೊಸ್ತಿಲು ದಾಟದೆ ಒಳಗೇ ನಿಂತುಬಿಡುತ್ತದೆ. ಒಂದು ಮೂಲಂಗಿಯ ಮುಂದೆ ತೋರುವ ಸಂಕೋಚವನ್ನು ಒಂದು ಮರದ ಮುಂದೆ ತೋರದ ಈ ನಡತೆಗೆ ಏನು ಹೆಸರಿಡೋಣ? ಹೆಸರನ್ನು ನಮ್ಮ ಆಚಾರ್ಯರು ಎಂದೋ ಇಟ್ಟಿದ್ದಾರೆ. ಅದು ಅನರ್ಥದಂಡ.

ಕುಂದಗೋಳ ತಾಲೂಕಿನ ಯರಗುಪ್ಪಿಯನ್ನೇ ತೆಗೆದುಕೊಳ್ಳೋಣ. ಬೆಣ್ಣೆಹಳ್ಳದ ಸೀಮೆಯ ಊರು. ಕಣ್ಣು ಹಾಯಿಸಿದಷ್ಟೂ ಎರೆಹೊಲ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗಳ ಈ ಬಯಲಿನಲ್ಲಿ ಬದುವಿನ ಮೇಲೆ ಅಲ್ಲೊಂದು ಜಾಲಿ, ಇಲ್ಲೊಂದು ಬೇವು. ಮಲೆನಾಡಿನವರಿಗೆ ಮರವೆಂದರೆ ಕಾಡಿನದು. ನಮಗೆ ಅದು ಮನೆಯ ಮುಂದಿನದು, ಹಿತ್ತಿಲಿನದು, ಗುಡಿಯ ಕಟ್ಟೆಯದು. (ಆಕಾಶ ಮುಟ್ಟಿದ ಮರವನ್ನೂ ನಾವು ‘ಗಿಡ’ ಎಂದೇ ಕರೆಯುತ್ತೇವೆ. ಸಲುಗೆಯ ಮಾತದು, ಆದರೆ ಕಡಿಯುವಾಗಲೂ ಅದನ್ನು ಗಿಡವೆಂದೇ ಭಾವಿಸುತ್ತೇವೆಯೋ ಏನೋ.) ಕಾಡಿಲ್ಲದ ಸೀಮೆಯಲ್ಲಿ ಮನೆಯೊಡೆಯನೇ ಅರಣ್ಯಾಧಿಕಾರಿ. ಅವನ ಒಂದು ಮಾತಿನಿಂದ ಇಡೀ ಓಣಿಯ ನೆರಳು ಹೋಗುತ್ತದೆ.

ಮೇಲ್ಮುದ್ದೆಯ ಮಣ್ಣಿನ ಮಾಳಿಗೆಗಳಿದ್ದಾಗ ಬೇವಿನೆಲೆ ಯಾರಿಗೂ ಕಸವಾಗಿರಲಿಲ್ಲ. ಕಾಳಿನಲ್ಲಿ ಹುಳು ಬೀಳದಂತೆ ಅದನ್ನೇ ಬೆರೆಸಿಡುತ್ತಿದ್ದರು. ಹುಳುವನ್ನು ಕೊಲ್ಲದೆ ದೂರವಿಡುವ ಇಂಥ ಉಪಾಯ ಶ್ರಾವಕನ ಮನೆಗೆ ಎಷ್ಟು ತಕ್ಕದ್ದಾಗಿತ್ತು! ಈಗ ಸ್ಲ್ಯಾಬಿನ ಮನೆ, ಫರ್ಸಿ ಹಾಸಿದ ಅಂಗಳ, ಅಂಗಳದಲ್ಲಿ ಕಾರು. ಎಲೆ ಬಿದ್ದರೆ ಗುಡಿಸಬೇಕು, ಹಕ್ಕಿ ಕೂತರೆ ಕಾರು ತೊಳೆಯಬೇಕು. ಹೀಗೆ ಮರದ ಮೇಲಿನ ದೋಷಾರೋಪಣೆಯ ಪಟ್ಟಿ ಬೆಳೆಯುತ್ತದೆ: ಬೇರು ಗೋಡೆಯನ್ನು ಸೀಳುತ್ತದೆ, ಕೊಂಬೆ ತಂತಿಗೆ ತಾಗುತ್ತದೆ, ವಾಸ್ತುವಿಗೆ ಅಡ್ಡ ಬರುತ್ತದೆ.

ಗೃಹಸ್ಥನು ಮರವನ್ನು ಮುಟ್ಟಲೇಬಾರದೆಂದು ನಾನು ವಾದಿಸುತ್ತಿಲ್ಲ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದ ನಮ್ಮ ಪರಂಪರೆಗೆ ಗೃಹಸ್ಥನ ಕಷ್ಟ ಗೊತ್ತು. ಒಲೆ ಉರಿಯಬೇಕು, ಮನೆ ನಿಲ್ಲಬೇಕು. ಮಕ್ಕಳು ಆಡುವ ಜಾಗದ ಮೇಲೆ ಬಾಗಿ ನಿಂತ ಸತ್ತ ಕೊಂಬೆಯನ್ನು ತೆಗೆಸದೆ ‘ಜೀವದಯೆ’ ಎನ್ನುವವನು ದಯಾಳುವಲ್ಲ, ಪ್ರಮಾದಿ. ಪ್ರಶ್ನೆ ಇರುವುದು ಪ್ರಯೋಜನದಲ್ಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ವನಸ್ಪತಿಯನ್ನು ಛೇದಿಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕೊಡಲಿಯಂಥ ಹಿಂಸೋಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಹಿಂಸಾದಾನವೆಂದಿದ್ದಾರೆ. ಹಿಂಸೆಗೆ ದಾರಿಮಾಡುವ ಸಲಹೆಯನ್ನು ಪಾಪೋಪದೇಶವೆಂದಿದ್ದಾರೆ. ಗುಡಿಸುವ ಬೇಸರಕ್ಕೆ ಮರ ಕಡಿಸುವ ಮನೆಯೊಡೆಯ, ಗರಗಸ ತಂದುಕೊಡುವ ಬೀಗ, ‘ಈಶಾನ್ಯದಲ್ಲಿ ಮರ ಬೇಡ, ತೆಗೆಸಿಬಿಡಿ’ ಎಂದು ದಕ್ಷಿಣೆ ತೆಗೆದುಕೊಂಡು ಹೇಳುವ ವಾಸ್ತುಪಂಡಿತ, ಈ ಮೂವರೂ ಒಂದೇ ಅಂಗಳದಲ್ಲಿ ನಿಂತು ಐದರಲ್ಲಿ ಮೂರು ದೋಷಗಳನ್ನು ಒಂದೇ ಮುಹೂರ್ತದಲ್ಲಿ ಪೂರೈಸುತ್ತಾರೆ.

ಗೋಡೆಯ ಬಿರುಕಿನ ಮಾತನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಪ್ರಾಮಾಣಿಕರೂ ಮೋಸಹೋಗುವುದು ಇಲ್ಲಿ. ಎರೆಮಣ್ಣು ನೀರುಂಡು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿಬಿಡುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಕಟ್ಟಿದ ಮನೆಯೂ, ಪಾಯ ಆಳವಿಲ್ಲದಿದ್ದರೆ, ಈ ಉಬ್ಬರವಿಳಿತಕ್ಕೆ ಸಿಕ್ಕು ಬಿರಿಯುತ್ತದೆ. ಮರವು ಬೇರಿನಿಂದ ನೀರನ್ನು ಹೀರಿ ಮಣ್ಣನ್ನು ಇನ್ನಷ್ಟು ಒಣಗಿಸುವುದು ನಿಜ. ಗೋಡೆಗೆ ತೀರ ಹತ್ತಿರದಲ್ಲಿ ದೊಡ್ಡ ಮರವಾಗುವ ಸಸಿಯನ್ನು ನೆಡಬಾರದೆಂಬುದೂ ನಿಜ. ಆದರೆ ಹತ್ತಾರು ವರ್ಷ ಅಲ್ಲಿಯೇ ನಿಂತ ಮರವನ್ನು ಒಮ್ಮೆಲೇ ತೆಗೆದರೆ ಏನಾಗುತ್ತದೆ? ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿಯುತ್ತದೆ; ಒಣಗಿ ಕುಗ್ಗಿದ್ದ ಮಣ್ಣು ಮುಂದಿನ ಮಳೆಗಾಲಗಳಲ್ಲಿ ನಿಧಾನವಾಗಿ ಉಬ್ಬಿ ಪಾಯವನ್ನು ಮೇಲಕ್ಕೆ ತಳ್ಳುತ್ತದೆ. ಬಿರುಕು ಮುಚ್ಚಲೆಂದು ಕಡಿದ ಮರ ಹೊಸ ಬಿರುಕನ್ನು ಬಿಟ್ಟುಹೋಗುತ್ತದೆ. ಗೌಂಡಿಯನ್ನು ಕರೆದು ಪಾಯವನ್ನು ತೋರಿಸಿ, ಚರಂಡಿಯ ನೀರು ಬುಡದಲ್ಲಿ ಇಂಗುತ್ತಿದೆಯೇ ಎಂದು ನೋಡಿ, ಆಮೇಲೆ ಮರದ ವಿಚಾರಣೆ ಮಾಡಬಾರದೆ?

‘ನಾವು ಕಡಿಯಲಿಲ್ಲ, ಕಡಿಯುವವರು ಬಂದು ಕಡಿದರು’ ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಪದಗಳನ್ನು ಪ್ರತಿಕ್ರಮಣದಲ್ಲಿ ಉಚ್ಚರಿಸುವವರ ಬಾಯಿಂದ ಈ ಮಾತು ಬರಬಾರದು. ಅದಕ್ಕಿಂತ ಕೆಟ್ಟದ್ದು ನಮ್ಮ ಲೆಕ್ಕಾಚಾರ. ಕೂಲಿ ಕೊಡುವ ಬದಲು ‘ಕಟ್ಟಿಗೆ ನೀನೇ ಒಯ್ಯಿ’ ಎನ್ನುತ್ತೇವೆ. ನಮಗೆ ಖರ್ಚಿಲ್ಲ, ಅವನಿಗೆ ಕಟ್ಟಿಗೆ ಅಡ್ಡೆಯಲ್ಲಿ ದುಡ್ಡು. ಇದರ ಪರಿಣಾಮವನ್ನು ಯಾರೂ ಯೋಚಿಸುವುದಿಲ್ಲ. ಕೂಲಿಯೇ ಕಟ್ಟಿಗೆಯಾದಾಗ ಕಡಿಯುವವನ ಹೊಟ್ಟೆ ತುಂಬುವುದು ಕಡಿದಷ್ಟಕ್ಕೆ. ತಂತಿಗೆ ತಾಗಿದ ಎರಡು ರೆಂಬೆಗಳನ್ನು ಸವರಲು ಬಂದವನು ಎರಡು ಹೆಗ್ಗೊಂಬೆಗಳನ್ನು ಕೆಡಹುತ್ತಾನೆ. ಸಣ್ಣ ರೆಂಬೆಗೆ ಬೆಲೆಯಿಲ್ಲ, ದಪ್ಪ ಕೊಂಬೆಗೆ ಬೆಲೆಯಿದೆ. ತಪ್ಪು ಅವನದಲ್ಲ, ಆ ಒಪ್ಪಂದ ನಮ್ಮದು. ಅಲ್ಲದೆ ಹಗ್ಗವಿಲ್ಲದೆ, ಸೊಂಟಕ್ಕೆ ಪಟ್ಟಿಯಿಲ್ಲದೆ, ಹರಕು ಚಪ್ಪಲಿ ಕೆಳಗೆ ಬಿಟ್ಟು ಮೂವತ್ತು ಅಡಿ ಏರುವ ಆ ಮನುಷ್ಯನೂ ಪಂಚೇಂದ್ರಿಯ ಜೀವವೇ. ತಂತಿಯ ಪ್ರವಾಹ ನಿಲ್ಲಿಸಿದ್ದಾರೆಯೇ ಎಂದು ವಿಚಾರಿಸುವ ಮನೆಯೊಡೆಯರು ಎಷ್ಟು ಮಂದಿ?

ಎಷ್ಟು ಕಡಿಯಬೇಕು ಎಂಬುದಕ್ಕೆ ನಮ್ಮಲ್ಲೇ ಒಂದು ಅಳತೆಗೋಲಿದೆ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ, ಶ್ರವಣಬೆಳಗೊಳದ ಮಠದ ಗೋಡೆಯ ಮೇಲೂ ಚಿತ್ರಿತವಾಗಿರುವ ಷಡ್ಲೇಶ್ಯೆಗಳ ದೃಷ್ಟಾಂತವನ್ನು ಬಾಲ್ಯದಿಂದ ಕೇಳಿದ್ದೇವೆ. ಹಣ್ಣಿಗಾಗಿ ಮರವನ್ನು ಬುಡಸಹಿತ ಕೆಡಹಬಯಸುವವನು ಕೃಷ್ಣಲೇಶ್ಯೆಯವನು. ಕಾಂಡ, ಹೆಗ್ಗೊಂಬೆ, ರೆಂಬೆ, ಹಣ್ಣು ಎಂದು ಇಳಿಯುತ್ತ ಬಂದು, ಬಿದ್ದುದನ್ನು ಆಯ್ದುಕೊಳ್ಳುವವನು ಶುಕ್ಲಲೇಶ್ಯೆಯವನು. ಆರು ಮಂದಿಗೂ ಹಸಿವು ಒಂದೇ, ಹಣ್ಣು ಒಂದೇ. ಭೇದವಿರುವುದು ಎಷ್ಟು ಕಡಿದರೆ ಸಾಕೆಂಬ ಭಾವದಲ್ಲಿ. ಈ ಚಿತ್ರವನ್ನು ಸ್ವಾಧ್ಯಾಯಕ್ಕೆ ಬಿಟ್ಟು ಅಂಗಳಕ್ಕೆ ಮಾತ್ರ ಏಕೆ ತರುವುದಿಲ್ಲ? ತಂತಿಗೆ ತಾಗುವುದು ರೆಂಬೆಯಾದರೆ ರೆಂಬೆ ಸಾಕು.

ರೆಂಬೆಯನ್ನಾದರೂ ಬಲ್ಲವರಂತೆ ಕತ್ತರಿಸಬೇಕು. ನಮ್ಮಲ್ಲಿ ನಡೆಯುವುದು ತಲೆ ಬೋಳಿಸುವ ಕೆಲಸ. ಎಲ್ಲ ಕೊಂಬೆಗಳನ್ನು ಮೋಟು ಮಾಡಿ ಕಂಬದಂತೆ ನಿಲ್ಲಿಸುವುದು. ಆಹಾರ ತಯಾರಿಸುವ ಎಲೆಯೆಲ್ಲ ಹೋದ ಮರ ಗಾಬರಿಯಿಂದ ಚಿಗುರುತ್ತದೆ. ಆ ಚಿಗುರುಗಳು ತೊಗಟೆಯ ಮೇಲ್ಪದರಕ್ಕಷ್ಟೇ ಅಂಟಿಕೊಂಡು ಬೆಳೆದು ನಾಲ್ಕೈದು ವರ್ಷಗಳಲ್ಲಿ ಗಾಳಿಗೆ ಕಿತ್ತುಬರುತ್ತವೆ. ಮೋಟಿನ ತುದಿಯಿಂದ ಕೊಳೆ ಒಳಗಿಳಿಯುತ್ತದೆ. ಆಗ ‘ಮರ ಅಪಾಯಕಾರಿ’ ಎಂಬ ತೀರ್ಪು! ಅಮೆರಿಕೆಯ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿದಂತೆ, ಮರಕ್ಕೆ ನಮ್ಮ ಹಾಗೆ ಗಾಯ ಮಾಯುವುದಿಲ್ಲ. ಅದು ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ತಡೆಯುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಿನಂತೆ ಉಬ್ಬಿದ ಭಾಗವಿರುತ್ತದೆ. ಗೋಡೆ ಕಟ್ಟುವ ಶಕ್ತಿ ಅಲ್ಲಿದೆ. ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮವಾಗಿಯೂ ಬೇಡ, ಉದ್ದ ಮೋಟು ಬಿಟ್ಟೂ ಬೇಡ. ಭಾರದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಇನ್ನೂ ಆಚೆ ಮೇಲಿನಿಂದ ಕೊಯ್ದು ಇಳಿಸಿ, ಕೊನೆಗೆ ಕೊರಳಿನ ಬಳಿ ಮೋಟನ್ನು ತೆಗೆದರೆ ತೊಗಟೆ ಸುಲಿದುಬರುವುದಿಲ್ಲ. ಡಾಂಬರು ಬಳಿಯುವುದರಿಂದ ಪ್ರಯೋಜನವಿಲ್ಲ. ಒಂದು ಋತುವಿನಲ್ಲಿ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಬೆರಳು ದಪ್ಪವಿದ್ದಾಗ ಜೀವದಯೆಯೆಂದು ಬಿಟ್ಟ ಅಡ್ಡರೆಂಬೆಯನ್ನು ತೊಡೆ ದಪ್ಪವಾದಾಗ ಕಡಿಸುವುದರಲ್ಲಿ ಯಾವ ದಯೆಯೂ ಇಲ್ಲ.

ಇನ್ನು ಕಾಲದ ವಿಚಾರ. ಮಳೆಗಾಲಕ್ಕೆ ಮುಂಚೆ ಸವರಿಸಬೇಕೆಂದು ವೈಶಾಖ-ಜ್ಯೇಷ್ಠಗಳಲ್ಲಿ ಕೊಡಲಿ ಹೊರಬರುತ್ತದೆ. ಕಾಗೆ ಗೂಡು ಕಟ್ಟಿ, ಕೋಗಿಲೆ ಅದರಲ್ಲಿ ಮೊಟ್ಟೆಯಿಡುವ ಕಾಲವೂ ಅದೇ. ಮಣ್ಣಿನ ಎರೆಹುಳು ದ್ವೀಂದ್ರಿಯ, ತೊಗಟೆಯ ಇರುವೆ ತ್ರೀಂದ್ರಿಯ, ಹೂವಿನ ಜೇನು ಚತುರಿಂದ್ರಿಯ, ಗೂಡಿನ ಮರಿ ಪಂಚೇಂದ್ರಿಯ. ಪಾಠಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಈ ವರ್ಗೀಕರಣವನ್ನು ಒಂದೇ ಬೇವಿನ ಮರದಲ್ಲಿ ಬೆರಳಿಟ್ಟು ತೋರಿಸಬಹುದು. ಏಕೇಂದ್ರಿಯವನ್ನಷ್ಟೇ ಕಡಿದೆವೆಂದು ಲೆಕ್ಕ ಹಾಕುವವರು ಗೂಡಿನ ಲೆಕ್ಕವನ್ನು ಎಲ್ಲಿ ಬರೆಯುತ್ತಾರೆ? ತುರ್ತಿಲ್ಲದ ಸವರಿಕೆಗೆ ಪುಷ್ಯ-ಮಾಘಗಳಿವೆ. ಅವುಗಳಲ್ಲೂ ಮರವನ್ನು ಸುತ್ತುಹಾಕಿ ನೋಡಿದ ಮೇಲೆಯೇ ಆಗಬೇಕು.

ಇತ್ತೀಚೆಗೆ ಇನ್ನೊಂದು ನೆಪ ಹುಟ್ಟಿದೆ. ಬೇವಿನ ಕುಡಿಗಳು ಸುಟ್ಟಂತೆ ಒಣಗುವ ಶಿಲೀಂಧ್ರ ರೋಗ 2021ರಲ್ಲಿ ತೆಲಂಗಾಣದಲ್ಲಿ ವ್ಯಾಪಕವಾಗಿ ಕಂಡಿತು. ನಮ್ಮ ರಾಜ್ಯದಲ್ಲೂ ಜನ ಗಾಬರಿಗೊಂಡರು. ಕಂದಿದ ಮರಗಳಲ್ಲಿ ಬಹಳಷ್ಟು ಮತ್ತೆ ಚಿಗುರುತ್ತವೆ. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಪುರಾತನ ಮರಗಳಲ್ಲೊಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿದಾಗ ಅದನ್ನು ಸೌದೆಯೆಂದು ಬಗೆಯದೆ ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಬಿದ್ದ ಮರಕ್ಕೆ ಅಷ್ಟು ಪ್ರಯತ್ನ; ನಿಂತ ಮರಕ್ಕೆ ಒಂದು ಮಳೆಗಾಲದ ಸಹನೆಯಾದರೂ ಬೇಡವೇ?

ಈಗ ಬಸದಿಯ ಆಡಳಿತ ಮಂಡಳಿಗಳಿಗೆ ನೇರವಾಗಿ. ಅಷ್ಟಪ್ರಾತಿಹಾರ್ಯಗಳಲ್ಲಿ ಮೊದಲನೆಯದು ಅಶೋಕವೃಕ್ಷ. ಆದಿನಾಥ ಸ್ವಾಮಿಗೆ ಕೇವಲಜ್ಞಾನವಾದದ್ದು ವಟವೃಕ್ಷದಡಿ, ಮಹಾವೀರ ಸ್ವಾಮಿಗೆ ಸಾಲವೃಕ್ಷದಡಿ. ಕಲ್ಲಿನ ವೃಕ್ಷಕ್ಕೆ ನಮಸ್ಕರಿಸಿ ಹೊರಬಂದು, ಪ್ರಾಕಾರದ ಜೀವಂತ ವೃಕ್ಷವನ್ನು ಸಮುದಾಯ ಭವನದ ನಕಾಶೆಗಾಗಿ ತೆಗೆಸುವ ನಿರ್ಣಯಕ್ಕೆ ಸಹಿ ಹಾಕುವ ಕೈಗಳು ನಡುಗುವುದಿಲ್ಲವೇ? ನಕಾಶೆ ಕಾಗದದ್ದು, ಅದನ್ನು ಹತ್ತು ಅಡಿ ಸರಿಸಬಹುದು. ಕಾನೂನೂ ನಮಗಿಂತ ಸೂಕ್ಷ್ಮವಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಬುಡ ಕಡಿಯುವುದನ್ನಷ್ಟೇ ಅಲ್ಲ, ಕೊಂಬೆ ಸವರುವುದನ್ನೂ, ಸುತ್ತ ತೊಗಟೆ ಸುಲಿಯುವುದನ್ನೂ, ವಿಷ ಹಾಕಿ ಒಣಗಿಸುವುದನ್ನೂ ‘ಕಡಿಯುವಿಕೆ’ಯ ಅರ್ಥದೊಳಗೇ ಸೇರಿಸಿದೆ. ನೀಲಗಿರಿ, ತೆಂಗು, ಸುಬಾಬುಲ್‌ಗಳಂಥ ಕೆಲವಕ್ಕೆ ವಿನಾಯಿತಿಯಿದೆ. ಬೇವಿಗೆ, ಹುಣಸೆಗೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ರಾತ್ರಿ ಬುಡಕ್ಕೆ ಆಸಿಡ್ ಸುರಿದು ‘ತಾನಾಗಿ ಒಣಗಿತು’ ಎನ್ನುವವರಿಗೆ ಶಾಸ್ತ್ರದಲ್ಲೂ ಎಡೆಯಿಲ್ಲ, ಕಾಯಿದೆಯಲ್ಲೂ ಎಡೆಯಿಲ್ಲ. ಮಥುರಾ-ವೃಂದಾವನ ಪರಿಸರದಲ್ಲಿ 454 ಮರಗಳನ್ನು ಅನುಮತಿಯಿಲ್ಲದೆ ಕಡಿದ ಪ್ರಕರಣದಲ್ಲಿ ಮರವೊಂದಕ್ಕೆ 1 ಲಕ್ಷ ರೂಪಾಯಿಯಂತೆ ದಂಡ ವಿಧಿಸುವುದನ್ನು ಸುಪ್ರೀಂ ಕೋರ್ಟು 2025ರಲ್ಲಿ ಒಪ್ಪಿತು.

‘ಒಂದು ಕಡಿದರೆ ಹತ್ತು ನೆಡುತ್ತೇವೆ’ ಎಂಬುದು ಮಂಡಳಿಗಳ ಪ್ರಿಯವಾದ ಉತ್ತರ. ನೆಡಿ, ಒಳ್ಳೆಯದು. ಆದರೆ ಪ್ರತಿ ಜೀವವೂ ಸ್ವತಂತ್ರವೆಂದು ನಂಬುವ ಧರ್ಮದಲ್ಲಿ ಒಂದನ್ನು ಕೊಂದ ಲೆಕ್ಕಕ್ಕೆ ಹತ್ತನ್ನು ಜಮಾ ಮಾಡುವ ಖಾತೆ ಯಾವುದು? ಅಡಿಯೆತ್ತರದ ಸಸಿ ಎಷ್ಟು ವರ್ಷಕ್ಕೆ ಗೂಡನ್ನು ಹೊತ್ತೀತು? ಯಾವ ಸಸಿ ಎಂಬುದೂ ಮುಖ್ಯ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿಯನ್ನು ಕಿತ್ತು ಜನರಿಗೆ ಬೇಕಾದ ಸಸಿಗಳನ್ನು ನೆಟ್ಟ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಮ್ಮ ಸೀಮೆಯದೇ. ಬೇಗ ಬೆಳೆಯುವುದೆಂದು ಏನನ್ನೋ ತಂದು ಊರಿ, ಫೋಟೋ ತೆಗೆಸಿಕೊಂಡು ಹೋಗುವುದು ವನಮಹೋತ್ಸವವಲ್ಲ.

ಚಾತುರ್ಮಾಸ ಮುಗಿದ ಮೇಲಿನ ಮೊದಲ ಸಭೆಯಲ್ಲಿ ಮಂಡಳಿಗಳು ನಡಾವಳಿ ಪುಸ್ತಕದಲ್ಲಿ ಇಷ್ಟನ್ನು ಬರೆಯಲಿ: ಬಸದಿಯ ಆವರಣದ ಪ್ರತಿ ಮರದ ಹೆಸರು, ಜಾಗ, ಸುತ್ತಳತೆ, ಯಾವ ಕೊಂಬೆ, ಯಾವ ಕಾರಣಕ್ಕೆ, ಯಾರ ಮಾತಿನ ಮೇಲೆ ತೆಗೆಯಬೇಕಾಗಿದೆ ಎಂಬುದು, ಗೂಡಿದೆಯೇ ಇಲ್ಲವೇ ಎಂದು ನೋಡಿದವರ ಸಹಿ. ಏರುವವನಿಗೆ ಹಗ್ಗ ಮತ್ತು ಸೊಂಟಪಟ್ಟಿಯನ್ನು ಬಸದಿಯೇ ಕೊಂಡಿಡಲಿ, ಅದು ಹಿಂಸಾದಾನವಾಗದು. ಕೂಲಿಯನ್ನು ದಿನದ ಲೆಕ್ಕದಲ್ಲಿ ನಗದಾಗಿ ಕೊಡಲಿ, ಕಟ್ಟಿಗೆಯ ರೂಪದಲ್ಲಿ ಬೇಡ. ಕಟ್ಟಿಗೆಯನ್ನು ಮಾರಿದರೆ ಆ ಹಣ ಭಂಡಾರಕ್ಕೆ ಸೇರದೆ, ಫಾಲ್ಗುಣದಿಂದ ಜ್ಯೇಷ್ಠದವರೆಗೆ ಉಳಿದ ಮರಗಳ ಬುಡಕ್ಕೆ ನೀರು ಹೊರುವವನ ಪಗಾರಕ್ಕೆ ಹೋಗಲಿ.